ಉರಿಯಲ್ಲಿ ಪ್ರಾಣವಿತ್ತವರಿಗೆ ಸಲ್ಲುವ ಶರಣಾರ್ಥಿ

|| ಶ್ರೀ ಗುರುಬಸವಲಿಂಗಾಯ ನಮಃ ||

ಬದುಕಿದ್ದಾಗ ಒಬ್ಬನನ್ನು ಗೌರವಿಸುವುದಕ್ಕೆ ಹಲವು ಕಾರಣಗಳುಂಟು. ಅವನಿಂದ ನಾಳೆ ಒಂದು ಉಪಕಾರವಾದೀತು, ಅವನ ಅಧಿಕಾರದಿಂದ ಒಂದು ಕೆಲಸವಾದೀತು, ಅವನ ಮುನಿಸಿನಿಂದ ಒಂದು ಕೇಡಾದೀತು ಎಂಬ ಎಣಿಕೆಗಳು ಅಲ್ಲಿ ಸುಳಿದಾಡುತ್ತವೆ. ಸತ್ತವನಿಂದ ಯಾವ ಲಾಭವೂ ಇಲ್ಲ, ಯಾವ ಭಯವೂ ಇಲ್ಲ. ಆದುದರಿಂದ ಮೃತನಿಗೆ ಸಲ್ಲಿಸುವ ಗೌರವದಲ್ಲಿ ಮನುಷ್ಯನ ಮನಸ್ಸು ಇದ್ದಂತೆಯೇ ತೋರಿಬರುತ್ತದೆ. ಶರಣರ ಗುಣವನ್ನು ಮರಣದಲ್ಲಿ ನೋಡಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿಗೆ ಇನ್ನೊಂದು ಮುಖವೂ ಇದೆ: ಉಳಿದವರ ಗುಣವನ್ನೂ ಮರಣದಲ್ಲಿಯೇ ನೋಡಬೇಕು.

ಪ್ರತಿ ವರ್ಷ ಏಪ್ರಿಲ್ 14ರಂದು ನಾಡಿನ ಅಗ್ನಿಶಾಮಕ ಠಾಣೆಗಳಲ್ಲಿ ಒಂದು ಮೌನದ ಆಚರಣೆ ನಡೆಯುತ್ತದೆ. ಸಿಬ್ಬಂದಿಯವರು ಶುಭ್ರವಾದ ಸಮವಸ್ತ್ರ ತೊಟ್ಟು ಸಾಲಾಗಿ ನಿಲ್ಲುತ್ತಾರೆ. ಸ್ಮಾರಕಕ್ಕೆ ಪುಷ್ಪಚಕ್ರವನ್ನು ಅರ್ಪಿಸುತ್ತಾರೆ. ಕರ್ತವ್ಯದಲ್ಲಿ ಮಡಿದವರನ್ನು ನೆನೆದು ತಲೆಬಾಗುತ್ತಾರೆ. ಅಂದಿನಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹವೆಂದು ಕರೆದು, ಬೆಂಕಿಯಿಂದ ಪಾರಾಗುವ ಬಗೆಯನ್ನು ಶಾಲೆ, ಸಂತೆ, ಗಿರಣಿಗಳಲ್ಲಿ ಜನರಿಗೆ ತಿಳಿಸಿಕೊಡುತ್ತಾರೆ. ಅದೇ ದಿನ ಡಾಕ್ಟರ್ ಅಂಬೇಡ್ಕರರ ಜಯಂತಿಯೂ ಆಗಿರುವುದರಿಂದ, ಬೀದಿಯ ಸಂಭ್ರಮದ ನಡುವೆ ಠಾಣೆಯ ಅಂಗಳದ ಮೌನ ಬಹು ಜನರ ಕಣ್ಣಿಗೆ ಬೀಳುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಸದ್ಭಕ್ತರು ಆ ಮೌನದ ಅರ್ಥವನ್ನು ಅರಿಯುವುದು ಯೋಗ್ಯವಾಗಿದೆ.

1944ನೆಯ ಇಸವಿಯ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ 'ಫೋರ್ಟ್ ಸ್ಟಿಕೀನ್' ಎಂಬ ಹಡಗು ನಿಂತಿತ್ತು. ಅದು ಎರಡನೆಯ ಮಹಾಯುದ್ಧದ ಕಾಲ. ಹಡಗಿನೊಳಗೆ ಹತ್ತಿಯ ಅಂಡಿಗೆಗಳೂ, ಅವುಗಳ ಜೊತೆಯಲ್ಲಿಯೇ 1,300 ಟನ್ನಿಗೂ ಮಿಕ್ಕ ಸ್ಫೋಟಕ ಸಾಮಗ್ರಿಯೂ ಇದ್ದವು. ಹತ್ತಿಗೆ ಕಿಡಿ ಹೊತ್ತಿತು. ಹೊತ್ತಿದ ಹತ್ತಿ ಒಳಗೊಳಗೇ ಉರಿಯುತ್ತದೆ, ಮೇಲೆ ಸುರಿದ ನೀರಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಹತ್ತಿ ಬೆಳೆಯುವ ಈ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗ್ನಿಶಾಮಕ ದಳದವರು ಹಡಗಿನ ಮೇಲೂ ಕಟ್ಟೆಯ ಮೇಲೂ ನಿಂತು ನೀರು ಹಾಯಿಸುತ್ತಿರುವಾಗಲೇ, ಸಂಜೆ ನಾಲ್ಕು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. ಬಳಿಕ ಇನ್ನೊಂದು ಸ್ಫೋಟವಾಯಿತು. ಸಾವಿರಾರು ಜನ ಸತ್ತರು, ಗಾಯಗೊಂಡರು. ಬೆಂಕಿ ನಂದಿಸಲು ಹೋದವರಲ್ಲಿ 66 ಮಂದಿ ಮಡಿದರು. ಅವರ ನೆನಪಿಗಾಗಿಯೇ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನವಾಯಿತು.

ಆ 66 ಮಂದಿಯಲ್ಲಿ ಯಾರ ಮನೆಯೂ ಆ ಹಡಗಿನಲ್ಲಿ ಇರಲಿಲ್ಲ. ಹತ್ತಿ ಅವರದಲ್ಲ, ಹಡಗು ಅವರದಲ್ಲ. ಎಲ್ಲರೂ ಹಿಂದಕ್ಕೆ ಓಡುವ ದಾರಿಯಲ್ಲಿ ಮುಂದಕ್ಕೆ ನಡೆಯುವುದೇ ಅವರು ಕೈಕೊಂಡ ಕಾಯಕವಾಗಿತ್ತು. ಬಸವಾದಿ ಶಿವಶರಣರು ಕಾಯಕವೆಂದರೆ ಇದನ್ನೇ. ಕಾಯಕವು ಹೊಟ್ಟೆ ಹೊರೆಯುವ ಉಪಾಯವೂ ಹೌದು; ಆದರೆ ಅದರ ಫಲ ಪರರಿಗೆ ಸಲ್ಲುವಾಗ ಅದು ದಾಸೋಹವಾಗುತ್ತದೆ. ಅನ್ನ ನೀಡುವವನು ಅನ್ನದಾಸೋಹಿ. ಜ್ಞಾನ ನೀಡುವವನು ಜ್ಞಾನದಾಸೋಹಿ. ಪರರ ಪ್ರಾಣವನ್ನುಳಿಸಲು ತನ್ನ ಪ್ರಾಣವನ್ನು ನೀಡಿದವನ ದಾಸೋಹಕ್ಕೆ ಯಾವ ಹೆಸರಿಡಬೇಕು?

ಗೌರವದ ಕ್ರಮಗಳು ಮತ್ತು ಅವುಗಳ ಭಾವ

ಸಮವಸ್ತ್ರ ತೊಟ್ಟು ಸೇವೆ ಮಾಡುವವರು ಕರ್ತವ್ಯದಲ್ಲಿ ಮಡಿದಾಗ ಸಲ್ಲುವ ಅಂತ್ಯಗೌರವಕ್ಕೆ ಒಂದು ಕ್ರಮವಿದೆ. ಹೊರಗಿನಿಂದ ನೋಡುವವರಿಗೆ ಅದು ಬರಿಯ ಕವಾಯತಿನಂತೆ ಕಾಣಬಹುದು. ಒಂದೊಂದನ್ನೂ ವಿಚಾರಿಸಿ ನೋಡಿದರೆ ಅದರೊಳಗೆ ಒಂದೊಂದು ಭಾವವಿದೆ.

ಮೊದಲನೆಯದು ಮೌನ. ಕಹಳೆಯ ಶೋಕಧ್ವನಿ ನಿಂತ ಮೇಲೆ ಎಲ್ಲರೂ ಅಲುಗಾಡದೆ ನಿಲ್ಲುತ್ತಾರೆ. ಮಾತು ಸೋಲುವ ಸ್ಥಳವೊಂದುಂಟೆಂಬುದನ್ನು ಶರಣರು ಬಲ್ಲರು. ಎರಡನೆಯದು ಶೋಕಶಸ್ತ್ರ. ಸರ್ಕಾರಿ ಗೌರವ ಘೋಷಿತವಾದಲ್ಲಿ ಪೊಲೀಸ್ ತುಕಡಿಯವರು ಬಂದೂಕಿನ ಬಾಯನ್ನು ನೆಲಕ್ಕೆ ತಿರುಗಿಸಿ, ತಲೆ ತಗ್ಗಿಸಿ ನಿಲ್ಲುತ್ತಾರೆ. ಬಲವು ಸಾವಿನ ಮುಂದೆ ತಾನಾಗಿ ಬಾಗುವ ಸಂಕೇತವಿದು. ಬಳಿಕ ಆಕಾಶದತ್ತ ಮೂರು ಸುತ್ತು ಗುಂಡು ಹಾರಿಸುತ್ತಾರೆ. ಮೂರನೆಯದು ಧ್ವಜವನ್ನು ಅರ್ಧಕ್ಕಿಳಿಸುವುದು. ಇದರ ನಿಯಮವನ್ನು ಬಹು ಜನ ಅರಿಯರು. ಧ್ವಜವನ್ನು ನೇರವಾಗಿ ಅರ್ಧದಲ್ಲಿ ಕಟ್ಟಬಾರದು. ಮೊದಲು ಕಂಬದ ತುದಿಯವರೆಗೆ ಏರಿಸಿ, ಅನಂತರ ಅರ್ಧಕ್ಕೆ ಇಳಿಸಬೇಕು. ಸಂಜೆ ತೆಗೆಯುವಾಗಲೂ ಮತ್ತೊಮ್ಮೆ ತುದಿಗೇರಿಸಿಯೇ ಇಳಿಸಬೇಕು. ದುಃಖಕ್ಕೂ ಮೊದಲು ಘನತೆ, ದುಃಖದ ಕೊನೆಗೂ ಘನತೆ.

ನಾಲ್ಕನೆಯದು ರಾಷ್ಟ್ರಧ್ವಜದ ಹೊದಿಕೆ. ಇದು ಎಲ್ಲರಿಗೂ ಸಲ್ಲುವಂಥದಲ್ಲ. ಸರ್ಕಾರವು ಆ ಗೌರವವನ್ನು ವಿಧಿಸಿದಾಗ ಮಾತ್ರ ಸಲ್ಲುತ್ತದೆ. ಕೇಸರಿ ಬಣ್ಣವು ಮೃತನ ತಲೆಯ ಕಡೆಗೆ ಇರಬೇಕು. ಧ್ವಜವನ್ನು ಸಮಾಧಿಯೊಳಕ್ಕೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು ಎಂದು ಧ್ವಜಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ದೇಹವು ಮಣ್ಣಿಗೆ ಸೇರುವ ಮೊದಲು ಧ್ವಜವನ್ನು ಶಿಸ್ತಿನಿಂದ ಮಡಿಸಿ ತೆಗೆಯಲೇಬೇಕು. ಅಳಿಯುವುದು ಅಳಿಯುತ್ತದೆ, ಉಳಿಯಬೇಕಾದುದು ಉಳಿಯುತ್ತದೆ.

ಅಗ್ನಿಶಾಮಕ ದಳಗಳಿಗೆ ತಮ್ಮವೇ ಆದ ಕೆಲವು ಕ್ರಮಗಳೂ ಇವೆ. ಹಲವು ನಾಡುಗಳಲ್ಲಿ ಮಡಿದವನ ದೇಹವನ್ನು ಅವನು ದುಡಿದ ವಾಹನದ ಮೇಲೆಯೇ ಕೊನೆಯ ಬಾರಿ ಕೊಂಡೊಯ್ಯುತ್ತಾರೆ. ಅವನ ಶಿರಸ್ತ್ರಾಣವನ್ನು ಪೆಟ್ಟಿಗೆಯ ಮೇಲಿಡುತ್ತಾರೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, ತಂತಿಯ ಮೂಲಕ ಠಾಣೆಯಿಂದ ಠಾಣೆಗೆ ಗಂಟೆ ಬಾರಿಸುತ್ತಿದ್ದ ಕಾಲದಲ್ಲಿ, ಐದೈದರಂತೆ ನಾಲ್ಕು ಸಾರಿ ಗಂಟೆ ಹೊಡೆದರೆ ತಮ್ಮವನೊಬ್ಬ ಮಡಿದನೆಂದು ಅರ್ಥವಾಗುತ್ತಿತ್ತು. ಗಂಟೆ ಅವರನ್ನು ದಿನವೂ ಬೆಂಕಿಗೆ ಕರೆಯುತ್ತಿತ್ತು; ಅದೇ ಗಂಟೆ ಕೊನೆಯಲ್ಲಿ ಒಬ್ಬನ ವಿಶ್ರಾಂತಿಯನ್ನೂ ಸಾರುತ್ತಿತ್ತು. 2001ನೆಯ ಸೆಪ್ಟೆಂಬರ್ 11ರಂದು ಅದೇ ನಗರದ ಅವಳಿ ಗೋಪುರಗಳು ಕುಸಿದಾಗ, ಜನರೆಲ್ಲ ಇಳಿಯುತ್ತಿದ್ದ ಮೆಟ್ಟಿಲುಗಳನ್ನು ಏರಿ ಹೋದ ಅಗ್ನಿಶಾಮಕರಲ್ಲಿ 343 ಮಂದಿ ಹಿಂದಿರುಗಲಿಲ್ಲ. ನಮ್ಮ ಮುಂಬಯಿಯ ಕಾಲಬಾದೇವಿಯಲ್ಲಿ 2015ರ ಮೇ ತಿಂಗಳಿನಲ್ಲಿ ಹಳೆಯ ಕಟ್ಟಡವೊಂದು ಹೊತ್ತಿ ಉರಿದು ಕುಸಿದಾಗ ದಳದ ನಾಲ್ವರು ಅಧಿಕಾರಿಗಳು ಪ್ರಾಣವಿತ್ತರು. ದೇಶ ಬೇರೆ, ಭಾಷೆ ಬೇರೆ, ಮತ ಬೇರೆ. ಮುಂದಿಟ್ಟ ಹೆಜ್ಜೆ ಮಾತ್ರ ಒಂದೇ.

ಈ ನೆಲಕ್ಕೆ ಇದು ಹೊಸತಲ್ಲ

ಈ ಕ್ರಮಗಳೆಲ್ಲ ಪರದೇಶದಿಂದ ಬಂದವು, ಭಕ್ತರಿಗೇಕೆ ಇವು ಎಂದು ಕೆಲವರು ಕೇಳಬಹುದು. ಕಹಳೆ ಕವಾಯತುಗಳ ರೂಪ ಹೊರಗಿನದಾಗಿರಬಹುದು. ಅವುಗಳ ಹಿಂದಿನ ಭಾವ ಈ ನೆಲದ್ದೇ. ಗಂಗಾವತಿಯ ಬಳಿ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. 2,000 ವರ್ಷಗಳಿಗೂ ಹಿಂದೆ ಬಾಳಿದ ಜನ, ಇಂದಿನಂಥ ಯಂತ್ರಗಳಿಲ್ಲದ ಕಾಲದಲ್ಲಿ, ದೊಡ್ಡ ದೊಡ್ಡ ಚಪ್ಪಡಿಗಳನ್ನು ಸೀಳಿ ತಂದು ತಮ್ಮ ಮೃತರಿಗಾಗಿ ಕಲ್ಲಿನ ಮನೆಗಳನ್ನು ಕಟ್ಟಿದರು. ಅವರು ತಮಗಾಗಿ ಕಟ್ಟಿಕೊಂಡ ಗುಡಿಸಲುಗಳು ಅಳಿದುಹೋದವು. ಸತ್ತವರಿಗಾಗಿ ಕಟ್ಟಿದ ಮನೆಗಳು ಉಳಿದವು. ಅಲ್ಲಿಯ ಬಂಡೆಯೊಂದರ ಮೇಲೆ ನಗಾರಿಯ ಆಕಾರದ ದೊಡ್ಡ ಕಲ್ಲೊಂದಿದೆ. ಜನರನ್ನು ಕರೆಯಲು ಅದನ್ನು ಬಾರಿಸುತ್ತಿದ್ದಿರಬಹುದೆಂದು ವಿದ್ವಾಂಸರ ಊಹೆ. ನ್ಯೂಯಾರ್ಕಿನ ಗಂಟೆಗೂ ಹಿರೇಬೆಣಕಲ್ಲಿನ ನಗಾರಿಗೂ ಎಷ್ಟು ದೂರ! ಆದರೂ ಊರನ್ನು ಒಂದುಗೂಡಿಸುವ ನಾದದ ಹಂಬಲ ಒಂದೇ.

ಕವಿರಾಜಮಾರ್ಗದಲ್ಲಿ ಹೆಸರು ಪಡೆದ ಕೊಪಣವೇ ಇಂದಿನ ಕೊಪ್ಪಳ. ವ್ರತವನ್ನು ಕೈಕೊಂಡು ದೇಹವನ್ನು ತೊರೆದ ಜೈನ ಮುನಿಗಳ, ಶ್ರಾವಕರ ನಿಸಿಧಿಗಳಿಗೆ ಆ ಊರು ಪ್ರಸಿದ್ಧವಾಗಿತ್ತು. ಇನ್ನು ವೀರಗಲ್ಲುಗಳಂತೂ ಕನ್ನಡ ನಾಡಿನ ಊರೂರ ಹೊರಗೆ ನಿಂತಿವೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ದೇವಕನ್ನೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲಿನದರಲ್ಲಿ ಶಿವಲಿಂಗದ ಮುಂದೆ ವೀರನು ಕೈಮುಗಿದು ಕುಳಿತ ನೋಟ. ಇಂಥ ಕಲ್ಲುಗಳು ಅರಸರಿಗಾಗಿ ಮಾತ್ರ ನಿಂತವಲ್ಲ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಮಡಿದ ಸಾಮಾನ್ಯರಿಗಾಗಿ ನಿಂತವುಗಳೇ ಬಹಳ. ತನ್ನದಲ್ಲದ ಹಸುವಿಗಾಗಿ ಸತ್ತವನಿಗೆ ಆ ಕಾಲದ ಜನ ಶಿವಸಾನ್ನಿಧ್ಯವನ್ನು ಕೊಟ್ಟರು. ತನ್ನದಲ್ಲದ ಮನೆಗಾಗಿ, ತನ್ನದಲ್ಲದ ಮಗುವಿಗಾಗಿ ಬೆಂಕಿಗೆ ನುಗ್ಗಿದವನಿಗೆ ಈ ಕಾಲದ ಜನ ಅದಕ್ಕಿಂತ ಕಡಮೆ ಕೊಡಬಹುದೆ?

ಭಕ್ತರ ಮನೆಯಲ್ಲಿ ಏಳುವ ಸಂದೇಹಗಳು

ಇಷ್ಟಾದರೂ ಗೃಹಸ್ಥರ ಮನದಲ್ಲಿ ಕೆಲವು ಸಂದೇಹಗಳು ಉಳಿಯುತ್ತವೆ. ಕುಷ್ಟಗಿಯ ಕಡೆಯ ಒಂದು ಹಳ್ಳಿಯಲ್ಲಿ ಭಕ್ತರ ಮನೆಯ ಮಗನೊಬ್ಬನು ಅಗ್ನಿಶಾಮಕ ದಳದಲ್ಲಿದ್ದನೆಂದೂ, ಯಾವುದೋ ಊರಿನ ಬೆಂಕಿಯಲ್ಲಿ ಮಡಿದನೆಂದೂ ಭಾವಿಸಿಕೊಳ್ಳಬಹುದು. ಅಧಿಕಾರಿಗಳು ದೇಹವನ್ನು ತಂದಿದ್ದಾರೆ. ಬೀದಿಯಲ್ಲಿ ವಾಹನ ನಿಂತಿದೆ. ಊರವರು ಪಿಸುಮಾತಿನಲ್ಲಿ ಏನೇನೋ ಆಡುತ್ತಿದ್ದಾರೆ. ತಾಯಿ ಮಠದ ಅಯ್ಯನವರ ಮುಂದೆ ಬಂದು ನಿಲ್ಲುತ್ತಾಳೆ.

"ಅಯ್ಯನೋರ, ನನ್ನ ಮಗ ಉರಿಯಾಗ ಹೋದ. ಮಂದಿ ದುರ್ಮರಣ ಅನ್ನಾಕತ್ಯಾರ. ಅವನಿಗೆ ಶಿವನ ಪಾದ ಸಿಗತೈತೇನ್ರಿ?"

"ಎವ್ವಾ, ಮೈಗಳ್ಳನಾಗಿ ಕುಂತು ಮತ್ತೊಬ್ಬರ ಮನಿ ಉರಿಯೂದು ನೋಡಿದ್ದರ ಅದು ದುರ್ಮರಣ ಆಗತಿತ್ತು, ಉಸಿರಿದ್ದರೂ ದುರ್ಮರಣ. ನಿನ್ನ ಮಗ ಕಾಯಕದಾಗ ಹೋಗ್ಯಾನ."

"ಅವನ ಕೊರಳಾಗಿನ ಲಿಂಗಾನೂ ಸಿಗಲಿಲ್ರಿ. ಕುಂದ್ರಸಾಕೂ ಬರಾಂಗಿಲ್ಲ ಅಂತಾರ."

"ಲಿಂಗ ಕಳಕೊಂಡವನಲ್ಲವ್ವ ಅವನು. ಅಂಗೈಗೆ ನಾ ಲಿಂಗ ಕೊಡತೀನಿ. ಕುಂದರದ ದೇಹಾನ ಮಲಗಿಸಿದರ ಶಿವ ಮುನಿಯಾಂಗಿಲ್ಲ. ನೀ ವಿಭೂತಿ ಹಚ್ಚು ಬಾ."

ಆ ತಾಯಿಯ ಪ್ರಶ್ನೆ ಸುಳ್ಳಲ್ಲ. ಲಿಂಗವಂತರಲ್ಲಿ ದೇಹಕ್ಕೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಪದ್ಮಾಸನದಲ್ಲಿ ಕುಳ್ಳಿರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಬಿಲ್ವಪತ್ರೆ ವಿಭೂತಿಗಳೊಡನೆ ಸಮಾಧಿ ಮಾಡುವುದು ಪರಂಪರೆ. ಉರಿಯಲ್ಲಿ ಬೆಂದ ದೇಹಕ್ಕೆ ಇವೆಲ್ಲ ಸಾಗದಿರಬಹುದು. ಆಗ ಏನು? ನುಲಿಯ ಚಂದಯ್ಯನವರ ಕಥೆಯನ್ನು ಇಲ್ಲಿ ನೆನೆಯಬೇಕು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗವು ನೀರಿಗೆ ಜಾರಿಬಿದ್ದಿತಂತೆ. ಚಂದಯ್ಯನವರು ಕಾಯಕವನ್ನು ಬಿಟ್ಟು ನಿಲ್ಲದೆ ಹೊರೆಯನ್ನು ಹೊತ್ತು ನಡೆದರಂತೆ. ಲಿಂಗವೇ ಅವರನ್ನು ಹಿಂಬಾಲಿಸಿ ಬಂದಿತೆಂದು ಶರಣರ ಚರಿತೆ ಹೇಳುತ್ತದೆ. ಲಿಂಗವನ್ನು ಅಲಕ್ಷಿಸಬೇಕೆಂಬುದು ಆ ಕಥೆಯ ತಾತ್ಪರ್ಯವಲ್ಲ. ಸತ್ಯಶುದ್ಧ ಕಾಯಕ ಮಾಡುವವನನ್ನು ಲಿಂಗವು ಬಿಟ್ಟಿರಲಾರದೆಂಬುದೇ ತಾತ್ಪರ್ಯ. ಕೆರೆಯ ನೀರಿನಲ್ಲಿ ಬಿಡದ ಲಿಂಗ ಕಟ್ಟಡದ ಉರಿಯಲ್ಲಿ ಬಿಟ್ಟೀತೆ?

ಎರಡನೆಯ ಸಂದೇಹ ಸೂತಕದ್ದು. ಸತ್ತ ಮನೆಗೆ ಹೋಗಬಾರದು, ಹೆಣ ಮುಟ್ಟಬಾರದು, ಹೆಣ ಹೊತ್ತ ವಾಹನ ಮನೆಯ ಮುಂದೆ ನಿಲ್ಲಬಾರದು ಎಂಬ ಅಂಜಿಕೆ ಇಂದಿಗೂ ಕೆಲವರಲ್ಲಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಅಲ್ಲಗಳೆದರು. ಆ ಅಲ್ಲಗಳೆಯುವಿಕೆಯನ್ನು ಪುಸ್ತಕದಲ್ಲಿ ಓದಿದವರು ಹಲವರು. ಮೈಯಿಂದ ನಡೆಸುತ್ತಿರುವವರಲ್ಲಿ ಈ ದಳದವರೂ ಸೇರಿದ್ದಾರೆ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ಯಾರಾದರೂ ಕೊಚ್ಚಿಹೋದರೆ, ಹಾಳುಬಾವಿಯಲ್ಲಿ ಯಾರಾದರೂ ಬಿದ್ದರೆ, ಅವರಿಗೇ ಕರೆ ಹೋಗುತ್ತದೆ. ನೀರಿನಲ್ಲಿ ಮೂರು ದಿನ ನೆನೆದ ದೇಹವನ್ನು ಹೆತ್ತವರೂ ಮುಟ್ಟಲು ಹಿಂಜರಿಯುವಾಗ ಅವರು ಎರಡು ಕೈಯಿಂದ ಎತ್ತಿ ದಡಕ್ಕೆ ತರುತ್ತಾರೆ. ಬಿದ್ದವನ ಕುಲ ಯಾವುದು, ಸುಟ್ಟ ಮನೆ ಯಾರದು ಎಂದು ಅವರು ಕೇಳುವುದಿಲ್ಲ. ಅಂಥವರು ಮಡಿದಾಗ, ಅವರ ದೇಹ ಬಂದ ಬೀದಿಯಲ್ಲಿ ಬಾಗಿಲು ಹಾಕಿಕೊಳ್ಳುವವನು ಕೊರಳಲ್ಲಿ ಲಿಂಗ ಕಟ್ಟಿದ್ದರೂ ಲಿಂಗದ ಅರಿವನ್ನು ಕಟ್ಟಿಕೊಂಡಿಲ್ಲ.

ಮೂರನೆಯ ಸಂದೇಹ, ಸರ್ಕಾರಿ ಗೌರವವೂ ಮಠದ ಕ್ರಿಯೆಯೂ ಒಂದರೊಡನೊಂದು ಕೂಡುತ್ತವೆಯೆ ಎಂಬುದು. ಇದಕ್ಕೆ ಕಣ್ಣೆದುರಿನ ನಿದರ್ಶನಗಳಿವೆ. ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳು 2019ನೆಯ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮರುದಿನ ಸರ್ಕಾರಿ ಗೌರವ ಸಲ್ಲಿತು. ಬಳಿಕ ಪರಂಪರೆಯಂತೆ ಕ್ರಿಯಾಸಮಾಧಿಯೂ ನಡೆಯಿತು. ಕಹಳೆ ಮಂತ್ರಕ್ಕೆ ಅಡ್ಡ ಬರಲಿಲ್ಲ, ಮಂತ್ರ ಕಹಳೆಗೆ ಅಡ್ಡ ಬರಲಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ನೆಯ ಜನವರಿ 2ರಂದು ದೇಹ ತೊರೆದಾಗ ಇನ್ನೊಂದು ಬಗೆಯಾಯಿತು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕವನ್ನು ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಸರ್ಕಾರಿ ಗೌರವದ ಬಳಿಕ ಅವರ ಇಚ್ಛೆಯಂತೆಯೇ ನಡೆಯಿತು. ಮಣ್ಣಿಗೆ ಸೇರಿದವರು ಹಿರಿಯರು, ಉರಿಗೆ ಸೇರಿದವರು ಕಿರಿಯರು ಎಂದು ಹೇಳುವ ಧೈರ್ಯ ಯಾರಿಗಿದೆ? ದೇಹದ ಕೊನೆ ಯಾವುದರಲ್ಲಾಯಿತೆಂಬುದು ಹಿರಿತನದ ಅಳತೆಯಲ್ಲ. ದೇಹವನ್ನು ಯಾವುದಕ್ಕೆ ಸವೆಸಿದರೆಂಬುದೇ ಅಳತೆ.

ಇಷ್ಟನ್ನು ಮಾತ್ರ ನೆನಪಿನಲ್ಲಿಡಬೇಕು. ಗೌರವ ಸಲ್ಲಿಸಲು ಬಂದ ತುಕಡಿಯವರು ನಿಂತಾಗ ಜನ ನುಗ್ಗಬಾರದು. ಕಹಳೆ ನುಡಿಯುವಾಗ ಭಜನೆಯನ್ನೂ ಹಲಗೆಯನ್ನೂ ತುಸು ಹೊತ್ತು ನಿಲ್ಲಿಸಬೇಕು. ಧ್ವಜವನ್ನು ಮಡಿಸುವಾಗ ಅದರ ಮೇಲಿನ ಹೂಮಾಲೆಗಳನ್ನು ಮೊದಲೇ ತೆಗೆದಿರಬೇಕು. ಅದರಂತೆ ಮಠದ ಕ್ರಿಯೆ ನಡೆಯುವಾಗ ಅಧಿಕಾರಿಗಳೂ ಅವಸರಪಡಿಸಬಾರದು. ಇಬ್ಬರದೂ ಒಂದೇ ಶರಣಾರ್ಥಿ, ಭಾಷೆ ಎರಡು.

ಮಡಿದವನ ಮನೆಯ ಗೌರವ

ಕಹಳೆ ನಿಂತು, ವಾಹನಗಳು ಹಿಂದಿರುಗಿದ ಮೇಲೆ ನಿಜವಾದ ಪರೀಕ್ಷೆ ಮೊದಲಾಗುತ್ತದೆ. ಅಂದು ಮಡಿದವನ ಹೆಂಡತಿಯ ಮುಂದೆ ಅಧಿಕಾರಿಗಳು ಎದ್ದು ನಿಂತು ವಂದಿಸುತ್ತಾರೆ. ಇಡೀ ಊರು ಅದನ್ನು ನೋಡುತ್ತದೆ. ಅದೇ ಊರಿನಲ್ಲಿ ಮುಂದಿನ ವರ್ಷ ಮದುವೆಯ ಹಂದರದಲ್ಲಿ ಆಕೆ ಎದುರು ಬಂದರೆ ಮುಖ ತಿರುಗಿಸುವವರು ಇದ್ದರೆ, ಅಂದಿನ ಗೌರವವೆಲ್ಲ ಬೂದಿಯಲ್ಲಿ ಸುರಿದ ಹಾಲು. ಸರ್ಕಾರದ ಅಧಿಕಾರಿ ವಂದಿಸಿದ ಆ ತಾಯಿಯನ್ನು ಅಮಂಗಳೆಯೆನ್ನಲು ಯಾರಿಗೆ ಅಧಿಕಾರವಿದೆ? ಕೊರಳಲ್ಲಿ ಲಿಂಗವಿರುವವಳಿಗೆ ಅಮಂಗಳವೆಂಬುದೇ ಇಲ್ಲ. ಆಕೆ ಕುಂಕುಮವಿಡಲಿ, ವಿಭೂತಿಯಿಡಲಿ, ಆರತಿ ಎತ್ತಲಿ. ಶಿವಗಣಾರಾಧನೆಯ ದಿನ ಮೊದಲ ಪ್ರಸಾದ ಆಕೆಯ ಕೈಯಿಂದಲೇ ಸಲ್ಲಲಿ.

ಮಡಿದವನ ಮಕ್ಕಳ ಓದು, ಮುದಿ ತಂದೆತಾಯಿಗಳ ಔಷಧ, ಸರ್ಕಾರದಿಂದ ಬರಬೇಕಾದ ಪರಿಹಾರದ ಕಾಗದಪತ್ರ, ಇವು ಹೂಮಾಲೆಗಿಂತ ಭಾರವಾದವು. ಕಚೇರಿಯ ಮೆಟ್ಟಿಲು ಹತ್ತಲು ಅಂಜುವ ತಾಯಿಯ ಜೊತೆಯಲ್ಲಿ ಓದುಬಲ್ಲ ಭಕ್ತನೊಬ್ಬನು ಹೋಗಿ ಬಂದರೆ ಅದು ಒಂದು ಪೂಜೆಗೆ ಸಮ. ಮಠಗಳು ನಡೆಸುವ ಪ್ರಸಾದನಿಲಯಗಳಲ್ಲಿ ಅಂಥ ಮನೆಯ ಮಕ್ಕಳಿಗೆ ಎಲೆ ಹಾಕುವುದು ಸ್ಮಾರಕ ಕಟ್ಟುವುದಕ್ಕಿಂತ ಹಿರಿದು.

ಕಲ್ಯಾಣದ ಕ್ರಾಂತಿಯಲ್ಲಿ ಹರಳಯ್ಯ ಮಧುವಯ್ಯಗಳಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಚರಿತೆಗಳು ಹೇಳುತ್ತವೆ. ಅವರಿಗೆ ಕಹಳೆ ನುಡಿಯಲಿಲ್ಲ, ಧ್ವಜ ಹೊದಿಸಲಿಲ್ಲ, ಅರಸನ ಆಜ್ಞೆಯೇ ಅವರ ಮರಣವಾಗಿತ್ತು. ಎಂಟು ನೂರು ವರ್ಷಗಳು ಕಳೆದರೂ ಅವರ ಹೆಸರು ಹೇಳುವಾಗ ಭಕ್ತರು ತಲೆಬಾಗುತ್ತಾರೆ. ಆಡಂಬರವಿಲ್ಲದೆಯೂ ಗೌರವ ಬಾಳಬಲ್ಲದೆಂಬುದಕ್ಕೆ ಇದೇ ಸಾಕ್ಷಿ. ಹಾಗೆಂದು ಕ್ರಮಬದ್ಧವಾದ ಗೌರವವನ್ನು ಬೇಡವೆನ್ನಬೇಕಾಗಿಲ್ಲ. ಒಳಗೆ ಭಾವವಿದ್ದರೆ ಹೊರಗಿನ ಕ್ರಮ ಅದಕ್ಕೆ ಪಾತ್ರೆಯಾಗುತ್ತದೆ. ಭಾವವಿಲ್ಲದಿದ್ದರೆ ಪಾತ್ರೆ ಬರಿದಾಗಿ ಸದ್ದು ಮಾಡುತ್ತದೆ.

ಜೀವಂತರಿಗೆ ಸಲ್ಲಬೇಕಾದ ಮರ್ಯಾದೆ

ಕೊನೆಯದಾಗಿ ಒಂದು ಮಾತು. ಮಡಿದ ಅಗ್ನಿಸೇವಕನಿಗೆ ಹೂವಿಡುವುದಕ್ಕಿಂತ, ಬದುಕಿರುವವನು ಮಡಿಯದಂತೆ ನೋಡಿಕೊಳ್ಳುವುದೇ ಉತ್ತಮವಾದ ಗೌರವ. ಕರ್ನಾಟಕದ ಅಗ್ನಿಶಾಮಕ ದಳಕ್ಕೆ ಆಧಾರವಾದ ಕಾನೂನು 1964ರಲ್ಲಿ ಬಂದಿತು. ಕಾನೂನು ಠಾಣೆಯನ್ನು ಕೊಡಬಲ್ಲದು, ವಾಹನವನ್ನು ಕೊಡಬಲ್ಲದು. ಆ ವಾಹನಕ್ಕೆ ದಾರಿಯನ್ನು ಜನರೇ ಕೊಡಬೇಕು.

ಯಲಬುರ್ಗಾ ಕುಷ್ಟಗಿಗಳ ಒಣಭೂಮಿಯಲ್ಲಿ ಸುಗ್ಗಿ ಮುಗಿದ ಮೇಲೆ ಜೋಳದ ಕಣಿಕೆಯ ಬಣವೆಗಳು ಮನೆಗಳಿಗೆ ತಾಗಿ ನಿಲ್ಲುತ್ತವೆ. ಬೇಸಿಗೆಯ ಗಾಳಿಗೆ ಒಂದು ಬೀಡಿಯ ಕಿಡಿ ಸಾಕು. ಎತ್ತುಗಳ ವರ್ಷದ ಮೇವು ಗಳಿಗೆಯಲ್ಲಿ ಬೂದಿ. ಬಣವೆಯನ್ನು ಮನೆಯಿಂದಲೂ ವಿದ್ಯುತ್ ತಂತಿಯಿಂದಲೂ ದೂರ ಒಟ್ಟಬೇಕು, ಒಂದಕ್ಕೊಂದು ತಾಗದಂತೆ ನಡುವೆ ಜಾಗ ಬಿಡಬೇಕು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ತೌಡು ಹೊಟ್ಟುಗಳ ರಾಶಿಯ ಬಳಿ ಎಚ್ಚರ ಬೇಕು. ಹೊಟ್ಟು ಹೊತ್ತಿದರೆ ಹತ್ತಿಯಂತೆಯೇ ಒಳಗೊಳಗೆ ಉರಿಯುತ್ತದೆ. ರಾಶಿ ಮಾಡುವ ಕಾಲದಲ್ಲಿ ಫಸಲನ್ನು ಡಾಂಬರು ರಸ್ತೆಯ ಮೇಲೆ ಹರಡುವ ರೂಢಿಯನ್ನು ಬಿಡಬೇಕು. ಗಾಲಿಗೆ ಸುತ್ತಿಕೊಂಡ ಒಣ ಹುಲ್ಲೇ ಎಷ್ಟೋ ವಾಹನಗಳಿಗೆ ಬೆಂಕಿ ತಂದಿದೆ. ಅವಸರದಲ್ಲಿ ಬರುವ ಅಗ್ನಿಶಾಮಕ ವಾಹನಕ್ಕೂ ಅದು ಅಡ್ಡಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಂಥ ಎಡೆಗಳಲ್ಲಿ ಸಾಲು ಒಲೆಗಳು ಉರಿಯುವಾಗ, ಹಂದರದ ಬಳಿ ನೀರು ಮರಳುಗಳನ್ನಿಟ್ಟು, ವಾಹನ ಬರುವಷ್ಟು ದಾರಿಯನ್ನು ಅಂಗಡಿಗಳಿಗೆ ಬಿಟ್ಟುಕೊಡದೆ ಕಾಯುವುದೂ ದಾಸೋಹದ ಒಂದು ಅಂಗ.

ಬೆಂಕಿ ಬಿದ್ದಾಗ 101ಕ್ಕೆ ಕರೆ ಮಾಡಿ, ಊರು, ಓಣಿ, ಗುರುತುಗಳನ್ನು ತಾಳ್ಮೆಯಿಂದ ಹೇಳಬೇಕು. ಆಟಕ್ಕಾಗಿ ಸುಳ್ಳು ಕರೆ ಮಾಡುವ ಹುಡುಗರನ್ನು ಮನೆಯವರು ತಿದ್ದಬೇಕು. ಒಂದು ಸುಳ್ಳು ಕರೆಗೆ ಹೋದ ವಾಹನ ಇನ್ನೊಂದು ಮನೆಯ ಜೀವಕ್ಕೆ ತಡವಾಗಿ ಮುಟ್ಟೀತು. ಅವರು ಬಂದಾಗ ಸುತ್ತ ಮುತ್ತಿಕೊಂಡು ನೋಡುತ್ತ ನಿಲ್ಲಬಾರದು. ಕೈಯಲ್ಲಿ ಮೊಬೈಲು ಹಿಡಿದು ಚಿತ್ರ ತೆಗೆಯುವವನು, ನೀರಿನ ಕೊಳವೆಯ ಮೇಲೆ ಕಾಲಿಟ್ಟು ನಿಂತವನು, ತಡವಾಗಿ ಬಂದಿರೆಂದು ಬೈಯುವವನು, ಈ ಮೂವರೂ ಬೆಂಕಿಯ ಪಕ್ಷದವರೇ. ಕೆಲಸ ಮುಗಿಸಿ, ಮಸಿ ಹಿಡಿದ ಮುಖದಿಂದ ಕಟ್ಟೆಯ ಮೇಲೆ ಕುಳಿತವನಿಗೆ ಒಂದು ತಂಬಿಗೆ ನೀರು, ಎರಡು ರೊಟ್ಟಿ ಕೊಡುವ ಮನೆಯೇ ಧನ್ಯ. ಆ ಒಂದು ತಂಬಿಗೆ ನೀರು, ಏಪ್ರಿಲ್ 14ರ ಪುಷ್ಪಚಕ್ರಕ್ಕೆ ಸಮ.

ಬಸವಣ್ಣನವರು ಮನುಷ್ಯನ ಕೋಪವನ್ನು ಮನೆಯೊಳಗಿನ ಬೆಂಕಿಗೆ ಹೋಲಿಸಿ, ಅದು ಮೊದಲು ಸುಡುವುದು ತಾನು ಹುಟ್ಟಿದ ಮನೆಯನ್ನೇ ಎಂದು ಎಚ್ಚರಿಸಿದ್ದಾರೆ. ಹೊರಗಿನ ಉರಿಯನ್ನು ನಂದಿಸಲು ದಳದವರಿದ್ದಾರೆ. ದ್ವೇಷ, ಮತ್ಸರ, ಕುಲದ ಹಮ್ಮು ಎಂಬ ಒಳಗಿನ ಉರಿಗೆ ಯಾವ ಠಾಣೆಯಿಂದಲೂ ವಾಹನ ಬಾರದು. ಅದನ್ನು ಅವರವರೇ ಅರಿವಿನ ನೀರಿನಿಂದ ನಂದಿಸಿಕೊಳ್ಳಬೇಕು. ಪರರ ಮನೆಯ ಉರಿಗಾಗಿ ಒಬ್ಬನು ಪ್ರಾಣ ಕೊಟ್ಟನೆಂದು ಕೇಳಿದ ಮೇಲೆಯೂ, ನೆರೆಮನೆಯವನೊಡನೆ ಬದುವಿನ ಜಗಳವನ್ನು ಹೊತ್ತಿಸಿಕೊಂಡೇ ಮಲಗುವವನು ಆ ಮರಣದಿಂದ ಏನನ್ನೂ ಕಲಿಯಲಿಲ್ಲ.

ಮುಂದಿನ ಏಪ್ರಿಲ್ 14ರಂದು ಈ ನಾಲ್ಕು ಊರುಗಳ ಸದ್ಭಕ್ತರು ಬೆಳಗಿನ ಲಿಂಗಪೂಜೆಯ ಕೊನೆಗೆ ಒಂದು ಬಿಲ್ವದಳವನ್ನು ಹೆಚ್ಚಾಗಿ ಏರಿಸಲಿ. ಹೆಸರು ತಿಳಿಯದ, ಕುಲ ತಿಳಿಯದ, ಉರಿಯಲ್ಲಿ ಪ್ರಾಣವಿತ್ತ ಆ ಕಾಯಕಜೀವಿಗಳಿಗೆ ಅದು ಸಲ್ಲಲಿ. ಬಳಿಕ ಮಕ್ಕಳ ಕೈ ಹಿಡಿದು ತಮ್ಮೂರಿನ ಠಾಣೆಗೆ ಹೋಗಿ, ಬಾಗಿಲಲ್ಲಿ ನಿಂತವರಿಗೆ ಶರಣು ಹೇಳಿ ಬರಲಿ.

ಶರಣು ಶರಣಾರ್ಥಿ.